ತಾರಸಿಗೆ ಹೊರಗಿನಿಂದ ಮೆಟ್ಟಿಲು: ಕಬ್ಬಿಣವೋ, ಕಾಂಕ್ರೀಟೋ, ಕಲ್ಲೋ?

ನೀರ್ಚಾಲು_ಮನೆ (ಜನವರಿ 6)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆ ಕಾಸರಗೋಡಿನ ನೀರ್ಚಾಲಿನಿಂದ ಸ್ವಲ್ಪ ಒಳಗೆ, ತೋಟದ ಮೇಲಿನ ಗುಡ್ಡೆಯಲ್ಲಿದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮೇಲೆ ಕಾಂಕ್ರೀಟ್ ತಾರಸಿ. ನೆಲದಿಂದ ತಾರಸಿಗೆ 11 ಅಡಿ. ಒಳಗಿನಿಂದ ಮೆಟ್ಟಿಲಿಲ್ಲ. ಕಟ್ಟುವಾಗ ಜಾಗ ಉಳಿಸಲಿಕ್ಕೆಂದು ಅಪ್ಪ ಹೊರಗೆ ಕಬ್ಬಿಣದ ಮೆಟ್ಟಿಲು ಮಾಡಿಸಿದ್ದರು. ಹನ್ನೊಂದು ವರ್ಷ ಬಂತು.

ಕಳೆದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತಾರಸಿಯ ನೀರು ಹೋಗುವ ತೂತಿಗೆ ಎಲೆ ಕಟ್ಟಿತ್ತು. ತೆಗೆಯಲು ಅಮ್ಮ ಹತ್ತಿದರು. ಮೇಲಿನಿಂದ ಮೂರನೇ ಮೆಟ್ಟಿಲಿನ ತಗಡು ಕುಸಿದು ಅವರ ಕಾಲು ಮೊಣಗಂಟಿನವರೆಗೆ ಒಳಗೆ ಹೋಯಿತು. ಕೈಯಲ್ಲಿ ಕಂಬಿ ಹಿಡಿದಿದ್ದಕ್ಕೆ ಬಚಾವು. ಒಂಬತ್ತು ಹೊಲಿಗೆ ಬಿತ್ತು. ನನಗೆ ಈಗಲೂ ಅರ್ಥವಾಗದ್ದು ಏನೆಂದರೆ, ಆ ಮೆಟ್ಟಿಲು ಮೇಲಿನಿಂದ ಚಂದವೇ ಇತ್ತು. ಹಸಿರು ಪೇಂಟ್ ಒಂದು ಕಡೆಯೂ ಎದ್ದಿರಲಿಲ್ಲ. ಅಡಿಯಿಂದ ನೋಡಿದರೆ ತುಕ್ಕು ಪದರ ಪದರವಾಗಿ ಬರುತ್ತಿತ್ತು. ಉಗುರಿನಲ್ಲಿ ಎಬ್ಬಿಸಿದರೆ ಸುಟ್ಟ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಈಗ ಹೊಸತು ಮಾಡಬೇಕು. ವೆಲ್ಡರ್ ಪುನಃ ಕಬ್ಬಿಣ ಅನ್ನುತ್ತಾರೆ. ಮೇಸ್ತ್ರಿ ಕಾಂಕ್ರೀಟ್ ಅನ್ನುತ್ತಾರೆ. ಬೆಂಗಳೂರಿನ ತಮ್ಮನಿಗೆ ಸ್ಟೈನ್‌ಲೆಸ್ ಸ್ಟೀಲೇ ಬೇಕು, ಯಾಕೆಂದರೆ ಅವನ ಅಪಾರ್ಟ್‌ಮೆಂಟಿನಲ್ಲಿ ಅದು ಉಂಟು. ಅಮ್ಮನಿಗೆ 68. ನವೆಂಬರದಿಂದ ಮಾರ್ಚ್‌ವರೆಗೆ ಅಡಿಕೆ ತಿರುವಲು ದಿನಕ್ಕೆ ಎರಡು ಸಲ ಹತ್ತುತ್ತಾರೆ, ಆಮೇಲೆ ಸೆಂಡಿಗೆ, ಮಾಂಬಳ. ಬೇಡ ಅಂದರೆ ಕೇಳುವವರಲ್ಲ. ನಮ್ಮ ಕಡೆ ಮಳೆಗೆ ತಡೆದ ಮೆಟ್ಟಿಲು ಯಾರ ಮನೆಯಲ್ಲಾದರೂ ಇದ್ದರೆ ಹೇಳಿ.

ಕುಂಬಳೆ_ಕರೆ

ಅಮ್ಮ ಈಗ ಹೇಗಿದ್ದಾರೆ? ಮೊದಲು ಅದನ್ನು ಹೇಳಿ.

ಇನ್ನೊಂದು, ಹಳೇ ಮೆಟ್ಟಿಲನ್ನು ಗುಜರಿಗೆ ಕೊಟ್ಟುಬಿಟ್ಟಿರಾ? ಕೊಡದಿದ್ದರೆ ಎಲ್ಲೆಲ್ಲಿ ತಿಂದಿದೆ ಅಂತ ನೋಡಿ. ಹೊಸತನ್ನು ಹೇಗೆ ಮಾಡಬೇಕು ಅಂತ ಅದೇ ಹೇಳುತ್ತದೆ.

ನೀರ್ಚಾಲು_ಮನೆ

ಆರಾಮ ಇದ್ದಾರೆ. ಈ ವರ್ಷ ಅಡಿಕೆ ಅಂಗಳದಲ್ಲೇ ಹರಡಿದ್ದೇವೆ. ತಾರಸಿಯ ಬಿಸಿಲು ಬೇರೆಯೇ ಅಂತ ದಿನಾ ಗೊಣಗುತ್ತಾರೆ.

ಮೆಟ್ಟಿಲು ಕೊಟ್ಟಿಗೆಯ ಹಿಂದೆ ಬಿದ್ದಿದೆ. ನೀವು ಹೇಳಿದ ಮೇಲೆ ಟಾರ್ಚು ಹಿಡಿದು ಕೂತು ನೋಡಿದೆ. ಒಂದೊಂದು ಮೆಟ್ಟಿಲಿಗೂ ನಾಲ್ಕು ಬದಿ ಆಂಗಲ್ (ಎಲ್ ಆಕಾರದ ಕಬ್ಬಿಣ) ಹಾಕಿ ಚೌಕಟ್ಟು ಮಾಡಿದ್ದಾರೆ. ಅದರ ಒಳಗೆ ಗೆರೆಗೆರೆ ತಗಡು ಇಟ್ಟು, ಅಲ್ಲಲ್ಲಿ ಒಂದೊಂದು ಇಂಚು ವೆಲ್ಡ್ ಕೊಟ್ಟಿದ್ದಾರೆ. ವೆಲ್ಡ್ ಇರುವಲ್ಲಿ ಗಟ್ಟಿ ಇದೆ. ಎರಡು ವೆಲ್ಡಿನ ನಡುವೆ ತಗಡಿಗೂ ಆಂಗಲ್ಲಿಗೂ ಸಂದು ಉಂಟಲ್ಲ, ಅಲ್ಲಿ ಪೂರ್ತಿ ಹೋಗಿದೆ. ಕಂಬಗಳು ನೆಲದ ಕಾಂಕ್ರೀಟಿಗೆ ಸೇರುವ ಜಾಗದಲ್ಲಿ ಸುತ್ತಲೂ ಸಣ್ಣಗಾಗಿ, ಇಲಿ ಕಡಿದ ಹಾಗೆ ಆಗಿದೆ. ಉಳಿದ ಕಬ್ಬಿಣ ಇನ್ನೂ ಇಪ್ಪತ್ತು ವರ್ಷ ಬರುತ್ತಿತ್ತೇನೋ.

ವೆಲ್ಡಿಂಗ್_ಸೀತಾಂಗೋಳಿ

ನಾನು ವೆಲ್ಡರ್. ನಮ್ಮವರ ತಪ್ಪನ್ನು ನಾನೇ ಹೇಳುತ್ತೇನೆ.

ಗಿರಾಕಿ ಬಂದು ಮೊದಲು ಕೇಳುವುದು ಕಿಲೋಗೆ ಎಷ್ಟು ಅಂತ. ಆ ರೇಟಿನಲ್ಲಿ ಸುತ್ತಲೂ ಪೂರ್ತಿ ವೆಲ್ಡ್ ಕೊಡಲು ಆಗುವುದಿಲ್ಲ, ರಾಡು ಮತ್ತು ಕೂಲಿ ಎರಡೂ ಜಾಸ್ತಿ. ಅದಕ್ಕೆ ಬಿಟ್ಟು ಬಿಟ್ಟು ಚುಕ್ಕೆ ಹೊಡೆಯುವುದು. ಆ ಸಂದಿಗೆ ಬ್ರಷ್ ಹೋಗುವುದಿಲ್ಲ, ನೀರು ಹೋಗುತ್ತದೆ. ಆಮೇಲೆ ನೀವು ವರ್ಷ ವರ್ಷ ಮೇಲಿಂದ ಪೇಂಟ್ ಹೊಡೆದದ್ದು ನೀರಿಗೆ ಮುಚ್ಚಳ ಹಾಕಿದ ಹಾಗೆ.

ರೆಡ್ ಆಕ್ಸೈಡ್ ಹೊಡೆದು ತಿಂಗಳುಗಟ್ಟಲೆ ಹಾಗೇ ಬಿಡುವವರೂ ಇದ್ದಾರೆ. ಅದು ಪ್ರೈಮರ್ ಮಾರಾಯ್ರೇ, ಪೇಂಟ್ ಅಲ್ಲ. ನೀರನ್ನು ತಡೆಯುವ ತಾಕತ್ತು ಅದಕ್ಕಿಲ್ಲ.

ಇನ್ನೊಂದು ಮೋಸ ಇದೆ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಚೌಕ ಪೈಪ್ ಕೊಟ್ಟು ಜಿಐ (ಸತು ಹಿಡಿಸಿದ ಕಬ್ಬಿಣ) ಅನ್ನುತ್ತಾರೆ. ತುಂಬ ಸಲ ಅದು ಜಿಪಿ. ಮೊದಲೇ ಸತು ಹಿಡಿಸಿದ ತಗಡನ್ನು ಮಡಚಿ ಮಾಡಿದ ಪೈಪು ಅದು. ಸಾಮಾನ್ಯವಾಗಿ ಸಿಗುವ 120 ಗ್ರಾಮಿನ ತಗಡಾದರೆ, ಎರಡೂ ಬದಿ ಸೇರಿ ಚದರ ಮೀಟರಿಗೆ 120 ಗ್ರಾಂ ಸತು. ಒಂದು ಬದಿಗೆ ಹತ್ತು ಮೈಕ್ರಾನೂ ಬರುವುದಿಲ್ಲ. ನಾವು ವೆಲ್ಡ್ ಕೊಟ್ಟಲ್ಲಿ ಅದೂ ಸುಟ್ಟುಹೋಗುತ್ತದೆ. ನಿಜವಾದ ಹಾಟ್ ಡಿಪ್ ಅಂದರೆ, ಎಲ್ಲ ವೆಲ್ಡಿಂಗ್ ಮುಗಿಸಿ, ಆಸಿಡ್‌ನಲ್ಲಿ ತೊಳೆದು, ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಇಡೀ ಸಾಮಾನನ್ನು ಮುಳುಗಿಸುವುದು. ದಪ್ಪ ಕಬ್ಬಿಣಕ್ಕೆ ಒಂದೊಂದು ಬದಿಗೂ ಚದರ ಮೀಟರಿಗೆ 610 ಗ್ರಾಂ ಕೂರುತ್ತದೆ, ಅಂದರೆ 85 ಮೈಕ್ರಾನ್. ಬಣ್ಣ ಮಂಕು. ನೋಡಲು ಚಂದ ಇಲ್ಲ ಅಂತ ಜನ ಬೇಡ ಅನ್ನುತ್ತಾರೆ.

ಉಪ್ಪಳ_ಕಡಲಬದಿ

ಸ್ಟೈನ್‌ಲೆಸ್ ಬಗ್ಗೆ ನಾನು ಹೇಳುತ್ತೇನೆ, ದುಡ್ಡು ಕೊಟ್ಟು ಕಲಿತದ್ದು.

ನಮ್ಮ ಮನೆಯಿಂದ ಸಮುದ್ರ ಕಾಣುತ್ತದೆ. ನಾಲ್ಕು ವರ್ಷದ ಹಿಂದೆ ಮೆಟ್ಟಿಲಿಗೆ ಸ್ಟೀಲಿನ ಕೈಹಿಡಿ ಕಂಬಿ ಹಾಕಿಸಿದೆವು. 304 ದರ್ಜೆಯದ್ದು ಅಂತ ಬಿಲ್ಲಿನಲ್ಲೂ ಬರೆದುಕೊಟ್ಟರು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಅಂಗಡಿಯವರು ಅಯಸ್ಕಾಂತ ತಂದು ತೋರಿಸಿದರು. ನೋಡಿ, ಅಂಟುವುದಿಲ್ಲ, ಅಸಲಿ ಮಾಲು ಅಂತ. ನಾನೂ ತಲೆಯಾಡಿಸಿ ಬಂದೆ. ಆಮೇಲೆ ಗೊತ್ತಿರುವವರು ಹೇಳಿದರು, 202 ಅಂತ ಕಡಿಮೆ ನಿಕ್ಕೆಲ್ ಇರುವ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಆ ಪರೀಕ್ಷೆಯಿಂದ 202 ಯಾವುದು, 304 ಯಾವುದು ಅಂತ ಗೊತ್ತಾಗುವುದೇ ಇಲ್ಲ.

ಅಸಲಿ 304 ಕೂಡ ಉಪ್ಪು ಗಾಳಿಗೆ ಕಲೆ ಕಟ್ಟುತ್ತದೆ. ಕಡಲ ಬದಿಗೆ 316 ಬೇಕು, ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ. ಅದರ ರೇಟು ಕೇಳಿ ನಾನು ಸುಮ್ನೆ ವಾಪಸ್ ಬಂದೆ. ನೀರ್ಚಾಲು ಒಳನಾಡು, ನಿಮಗೆ 304 ಸಾಕಾಗಬಹುದು. ಆದರೆ ಮೆಟ್ಟಿಲು ಹೊಳೆಯಬೇಕು ಅಂತ ಯಾರಿಗೆ ಬೇಕಾಗಿದೆ?

ಮುಳ್ಳೇರಿಯ_ಬೆಂಗಳೂರು

ಮರ ಯಾಕೆ ಯಾರೂ ಹೇಳುತ್ತಿಲ್ಲ? ಕಬ್ಬಿಣದ ಫ್ರೇಮು, ಮೇಲೆ ಮರದ ಹಲಗೆ. ಇಲ್ಲಿ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ತುಂಬ ಚಂದ ಕಾಣುತ್ತದೆ. ನಮ್ಮ ಊರಲ್ಲಿ ಹೆಬ್ಬಲಸಿಗೆ ಏನು ಬರಗಾಲ?

ಅಡೂರು_ಅಕ್ಕ

ತಮ್ಮಾ, ನೀನು ಊರಿಗೆ ಬರುವುದು ದೀಪಾವಳಿಗೆ. ಜುಲೈಯಲ್ಲಿ ಒಂದು ಸಲ ಬಾ.

ನಮ್ಮಲ್ಲಿ ಹೆಬ್ಬಲಸಿನ ಹಲಗೆ ಹಾಕಿದ ಮೆಟ್ಟಿಲು ಇತ್ತು. ಮರ ಹಾಳಾಗಲಿಲ್ಲ, ಆ ವಿಷಯದಲ್ಲಿ ನೀನು ಹೇಳುವುದು ಸರಿ. ಆದರೆ ಮಳೆ ಹಿಡಿದ ಹದಿನೈದು ದಿನದಲ್ಲಿ ಅದರ ಮೇಲೆ ಹಾವಸೆ ಬಂದು, ಎಣ್ಣೆ ಹಚ್ಚಿದ ಕಾವಲಿಯ ಹಾಗಾಗುತ್ತಿತ್ತು. ನಮ್ಮ ಮಾವ ಪ್ರತಿ ವರ್ಷ ಅಡಿಕೆ ಹಾಳೆ ಕಟ್ಟಿ, ಗೋಣಿ ಹೊಡೆದು, ಕೊನೆಗೆ ಕಿತ್ತು ಬಚ್ಚಲ ಒಲೆಗೆ ಹಾಕಿದರು. ಚಂದ ಉರಿಯಿತು.

ನೀರ್ಚಾಲಿನವರೇ, ಒಂದು ಮಾತು ಕೇಳಿ. ಇಲ್ಲಿ ಎಲ್ಲ ಗಂಡಸರೂ ತುಕ್ಕಿನ ಬಗ್ಗೆಯೇ ಬರೆಯುತ್ತಿದ್ದಾರೆ. ನಿಮ್ಮ ಅಮ್ಮ ಚಪ್ಪಲಿ ಹಾಕಿಕೊಂಡು ಅಡಿಕೆ ತಿರುವಲು ಹೋಗುತ್ತಾರಾ? ಇಲ್ಲ ಅಲ್ವಾ? ಮಾರ್ಚಿಯ ಮಧ್ಯಾಹ್ನ ಎರಡೂವರೆಗೆ ಕಬ್ಬಿಣದ ತಗಡಿನ ಮೇಲೆ ಬರಿಗಾಲು ಇಟ್ಟು ನೋಡಿ. ಕೈಯಲ್ಲಿ ಹೆಡಿಗೆ ಇರುತ್ತದೆ, ಕಾಲು ಸುಡುತ್ತದೆ, ಎರಡೆರಡು ಮೆಟ್ಟಿಲು ಹಾರುತ್ತಾರೆ. ಬೀಳುವುದು ಹಾಗೆ. ಜಾಲರಿ ಮೆಟ್ಟಿಲಾದರೆ ಸುಡುವುದು ಕಡಿಮೆ, ಆದರೆ ಅಂಗಾಲಿಗೆ ಒತ್ತುತ್ತದೆ, ಮೇಲಿಂದ ಕೆಳಗೆ ಕಾಣುತ್ತದೆ, ಸೀರೆ ಉಟ್ಟವರು ಹತ್ತುವುದಿಲ್ಲ. ಬಿದ್ದ ಅಡಿಕೆಯೂ ಕೆಳಗೆ.

ನೀರ್ಚಾಲು_ಮನೆ

ಅಕ್ಕಾ, ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಈಗ ಒಬ್ಬರಿಗಾದರೂ ಗೊತ್ತಾಯಿತಲ್ಲ" ಅಂದರು. ಹನ್ನೊಂದು ವರ್ಷ ಕಾಲು ಸುಟ್ಟುಕೊಂಡೇ ಹತ್ತಿದ್ದಂತೆ. ನಮಗೆ ಹೇಳಿರಲೇ ಇಲ್ಲ.

ಮಧೂರು_ಮೇಸ್ತ್ರಿಮಗ

ಕಲ್ಲು ಇರುವ ಊರಲ್ಲಿ ಕಬ್ಬಿಣ ಯಾಕೆ ಅಂತ ನನ್ನ ಪ್ರಶ್ನೆ. ಮುರಕಲ್ಲು ಕಟ್ಟಿ ಮೆಟ್ಟಿಲು ಮಾಡಿ, ಮೇಲೆ ಒರಟು ಕರಿಕಲ್ಲಿನ ಹಲಗೆ ಕೂರಿಸಿ. ಬೇಕಲ ಕೋಟೆ ನೋಡಿ, 1650ರ ಹೊತ್ತಿಗೆ ಶಿವಪ್ಪ ನಾಯಕ ಕಟ್ಟಿಸಿದ್ದು ಅನ್ನುತ್ತಾರೆ. ಇಡೀ ಕೋಟೆ ಮುರಕಲ್ಲು, ಕೆಳಗೆ ಅಲೆ ಹೊಡೆಯುತ್ತಿರುತ್ತದೆ. ತುಕ್ಕು ಹಿಡಿಯಲು ಅದರೊಳಗೆ ಕಬ್ಬಿಣದ ಕಂಬಿಯೇ ಇಲ್ಲ. ನಡುವಿನ ಬುರುಜಿಗೆ ಹತ್ತಲು ಅಗಲದ ಇಳಿಜಾರು ಮಾಡಿದ್ದಾರೆ, ಮುದುಕರೂ ಆರಾಮ ಹತ್ತುತ್ತಾರೆ.

ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ನಮ್ಮ ಕಡೆಯದನ್ನು ನೋಡಿಯೇ. ಬುಕಾನನ್ ಅಂತ ಒಬ್ಬ ಸಾಹೇಬ ಮಲಪ್ಪುರಂ ಕಡೆಯ ಅಂಗಾಡಿಪುರದಲ್ಲಿ ಕಲ್ಲು ಕಡಿಯುವುದನ್ನು ನೋಡಿ, 1807ರ ಪುಸ್ತಕದಲ್ಲಿ ಬರೆದ. ಲ್ಯಾಟಿನ್ನಿನಲ್ಲಿ ಲೇಟರ್ ಅಂದರೆ ಇಟ್ಟಿಗೆ.

ಪೆರ್ಲ_ಸಿವಿಲ್

ಕಲ್ಲಿನ ಅಭಿಮಾನ ಸರಿ, ಆದರೆ ಕೋಟೆ ಗೋಡೆಯ ದಪ್ಪವನ್ನೂ ನೋಡಬೇಕು. 11 ಅಡಿ ಎತ್ತರಕ್ಕೆ ಗಟ್ಟಿ ಮುರಕಲ್ಲಿನ ಮೆಟ್ಟಿಲು ಕಟ್ಟಿದರೆ ಮನೆಯ ಒಂದು ಬದಿಯ ಗಾಳಿ ಬೆಳಕು ಎಲ್ಲ ಮುಚ್ಚುತ್ತದೆ. ಅದರ ಭಾರಕ್ಕೆ ಬೇರೆ ಪಂಚಾಂಗ (ಅಡಿಪಾಯ) ಬೇಕು. ಮುರಕಲ್ಲು ನೀರು ಕುಡಿಯುವ ಕಲ್ಲು. ಗೋಡೆಗೆ ಅಂಟಿಸಿ ಕಟ್ಟಿದರೆ ಮನೆಯ ಒಳಗೋಡೆಯಲ್ಲಿ ಮಳೆಗಾಲ ಪೂರ್ತಿ ತೇವ ಇರುತ್ತದೆ.

ನಾನು ಸಿವಿಲ್ ಕೆಲಸದವನು, ಈ ಭಾಗದಲ್ಲಿ ಮನೆಗಳನ್ನು ನೋಡುತ್ತಲೇ ಇದ್ದೇನೆ. ನನ್ನ ಪ್ರಕಾರ ವಸ್ತುವಿಗಿಂತ ಮೊದಲು ಕೇಳಬೇಕಾದ್ದು ಮೆಟ್ಟಿಲು ಯಾವುದರ ಮೇಲೆ ನಿಲ್ಲುತ್ತದೆ ಅಂತ. ಮುರಕಲ್ಲಿನ ಗೋಡೆಗೆ ಆಂಕರ್ ಬೋಲ್ಟ್ ಹೊಡೆದು ಮೆಟ್ಟಿಲು ನೇತುಹಾಕುವುದನ್ನು ತುಂಬ ಕಡೆ ಮಾಡುತ್ತಾರೆ. ಆ ಬೋಲ್ಟು ಬಿಗಿ ಮಾಡಿದಾಗ ಹಿಗ್ಗಿ ಹಿಡಿಯುವಂಥದ್ದು. ಕಾಂಕ್ರೀಟಿನಲ್ಲಿ ಹಿಡಿಯುತ್ತದೆ. ಮುರಕಲ್ಲಿನಲ್ಲಿ ತೂತಿನ ಸುತ್ತ ಕಲ್ಲೇ ಪುಡಿಯಾಗುತ್ತದೆ. ಹಾಕಿದ ದಿನ ಗಟ್ಟಿ ಇರುತ್ತದೆ. ಹತ್ತಿ ಇಳಿದು ಅಲ್ಲಾಡಿ ಅಲ್ಲಾಡಿ ಎರಡನೇ ವರ್ಷಕ್ಕೆ ಕೈಯಲ್ಲೇ ಎಳೆದು ತೆಗೆಯಬಹುದು. ಹಾಗಾಗಿ ನಿಮ್ಮ ಮೆಟ್ಟಿಲು ಸ್ವಂತ ಕಾಲಿನ ಮೇಲೆ ನಿಲ್ಲಲಿ. ಮನೆಯನ್ನು ಹಿಡಿಯಲೇಬೇಕಾದರೆ ತಾರಸಿಯ ಕಾಂಕ್ರೀಟಿನಲ್ಲಿ ಮಾತ್ರ ಹಿಡಿಯಲಿ.

ಪೂರ್ತಿ ಕಾಂಕ್ರೀಟ್ ಮಾಡುವುದಾದರೂ ಎರಡು ಮೂರು ವಿಷಯ ಗಮನಿಸಿ. ಹೊರಗೆ ಬರಿಮಳೆಗೆ ಸಿಕ್ಕುವ, ಒಮ್ಮೆ ಒದ್ದೆ ಒಮ್ಮೆ ಒಣ ಆಗುವ ಕಾಂಕ್ರೀಟಿಗೆ ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನಕ) ಪ್ರಕಾರ ಕಂಬಿಯ ಹೊರಗೆ 45 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ ಬೇಕು, ಮಿಕ್ಸ್ ಎಂ30 ದರ್ಜೆಯದ್ದು ಬೇಕು. ನಮ್ಮಲ್ಲಿ ಮನೆಯೊಳಗಿನ ಸ್ಲ್ಯಾಬಿಗೆ ಇಡುವ 20 ಮಿ.ಮೀ. ಬಿಲ್ಲೆಯನ್ನೇ ಹೊರಗಿನ ಮೆಟ್ಟಿಲಿಗೂ ಇಟ್ಟು ಹೊಯ್ಯುತ್ತಾರೆ. ಎಂಟು ಹತ್ತು ವರ್ಷಕ್ಕೆ ಅಡಿಭಾಗ ಹೊಪ್ಪಳೆ ಎದ್ದು ಬೀಳುತ್ತದೆ, ಯಾಕೆಂದರೆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಾಲಿಗೂ ಹೆಚ್ಚು ಜಾಗ ಕೇಳುತ್ತದೆ. ಹೊಯ್ಗೆ (ಮರಳು) ಎಲ್ಲಿಯದು ಅಂತಲೂ ಕೇಳಿ. ಅಳಿವೆ ಬದಿಯ ಉಪ್ಪು ಹೊಯ್ಗೆ ಹಾಕಿದರೆ ಕವರ್ ಎಷ್ಟಿದ್ದರೂ ಉಪಯೋಗವಿಲ್ಲ. ಹೊಸ ಪಂಚಾಂಗ ಸ್ವಲ್ಪ ಇಳಿದೇ ಇಳಿಯುತ್ತದೆ, ಹಳೇ ಮನೆ ಇಳಿದು ಮುಗಿದಿದೆ. ಗೋಡೆಗೂ ಮೆಟ್ಟಿಲಿಗೂ ಒಂದಿಂಚು ಸಂದು ಬಿಡಿ, ಇಲ್ಲದಿದ್ದರೆ ಬಿರುಕು ಬಿಟ್ಟು ಅಲ್ಲಿಂದಲೇ ನೀರು ಒಳಗೆ ಬರುತ್ತದೆ.

ಕಡಪ ಕಲ್ಲು ಮಾತ್ರ ಹೊರಗೆ ಹಾಕಬೇಡಿ. ಪದರ ಏಳುತ್ತದೆ. ಸುಣ್ಣದ ಜಾತಿಯ ಕಲ್ಲಾದ್ದರಿಂದ ಪಾಚಿ ತೆಗೆಯಲು ಆಸಿಡ್ ಹಾಕಿದರೆ ಕಲ್ಲೇ ಕರಗುತ್ತದೆ.

ಕುಂಬಳೆ_ಕರೆ

ಅಳತೆಯ ಬಗ್ಗೆ ಯಾರೂ ಹೇಳಿಲ್ಲ. ಹಳೇ ಮೆಟ್ಟಿಲಿನ ಏರಿಕೆ ಎಷ್ಟಿತ್ತು?

ನೀರ್ಚಾಲು_ಮನೆ

ಈಗ ಅಳೆದೆ. 15 ಏರಿಕೆ. ಒಂದೊಂದು ಎಂಟು ಮುಕ್ಕಾಲು ಇಂಚು. ಕಾಲಿಡುವ ಜಾಗ ಎಂಟೂವರೆ ಇಂಚು.

ಕುಂಬಳೆ_ಕರೆ

ಅದು ಮೆಟ್ಟಿಲಲ್ಲ, ಏಣಿ!

ಹಳೇ ಲೆಕ್ಕ ಒಂದು ಉಂಟು. ಏರಿಕೆಯ ಎರಡು ಪಟ್ಟಿಗೆ ಮೆಟ್ಟಿಲಿನ ಅಗಲ ಸೇರಿಸಿದರೆ 24ರಿಂದ 25 ಇಂಚು ಬರಬೇಕು. ನಿಮ್ಮದು 11 ಅಡಿ, ಅಂದರೆ 132 ಇಂಚು. 20 ಏರಿಕೆ ಮಾಡಿದರೆ ಒಂದೊಂದಕ್ಕೆ 6.6 ಇಂಚು. ಎರಡು ಪಟ್ಟು 13.2, ಅದಕ್ಕೆ 11 ಇಂಚಿನ ಮೆಟ್ಟಿಲು, ಒಟ್ಟು 24.2. ಸರಿಯಾಗಿ ಕೂರುತ್ತದೆ. ಕೊನೆಯ ಏರಿಕೆ ತಾರಸಿಗೇ ಹೋಗುವುದರಿಂದ ಕಾಲಿಡುವ ಜಾಗ 19. ಅದರಲ್ಲಿ ಒಂದು ನಡುವಿನ ಕಟ್ಟೆ. ಉಳಿದ 18ಕ್ಕೆ ಹದಿನಾರೂವರೆ ಅಡಿ, ಕಟ್ಟೆಗೆ ಮೂರು ಅಡಿ. ಹತ್ತೊಂಬತ್ತೂವರೆ ಅಡಿ ಉದ್ದದ ಜಾಗ ಉಂಟಾ?

ನೀರ್ಚಾಲು_ಮನೆ

ಪಡುಬದಿಯಲ್ಲಿ 26 ಅಡಿ ಉಂಟು. ಆದರೆ ಅಲ್ಲೇ ಅಡಿಕೆಗೆ ಸಿಂಪಡಿಸುವ ಬೋರ್ಡೋ ಮದ್ದಿನ ಡ್ರಮ್ ಇಡುವುದು, ಅದನ್ನು ಮೆಟ್ಟಿಲಿನ ಅಡಿಗೆ ಸೇರಿಸಬಹುದು ಅಂತ ಯೋಚನೆ. ಹಾಟ್ ಡಿಪ್ ಫ್ರೇಮಿನ ಕಡೆಗೇ ಮನಸ್ಸು ವಾಲುತ್ತಿದೆ.

ಅಡೂರು_ಅಕ್ಕ

ಡ್ರಮ್ ಅಲ್ಲಿ ಇಡಬೇಡಿ! ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಇದಕ್ಕೆ ಬರೆಯಲೇಬೇಕು.

ಬೋರ್ಡೋ ಮಾಡುವಾಗ ಹದ ಬಂತೋ ಇಲ್ಲವೋ ಅಂತ ಹೇಗೆ ನೋಡುತ್ತೀರಿ? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ಕತ್ತಿಯ ತುದಿ ಅದ್ದುತ್ತೇವೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು. ಆ ಕೆಂಪು ಏನು? ತಾಮ್ರ. ಮೈಲುತುತ್ತಿನ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಸತುವಿನ ಮೇಲೆ ಇದು ಇನ್ನೂ ಜೋರು.

ನಮ್ಮ ಪಂಪ್ ಶೆಡ್ಡಿಗೆ ಒಳ್ಳೆ ದಪ್ಪದ ಜಿಐ ಕಂಬ ಹಾಕಿಸಿದ್ದೆವು. ಅದರ ಬುಡದಲ್ಲಿ ಮೈಲುತುತ್ತು ನೆನೆಹಾಕುವ ಡ್ರಮ್. ಆಳುಗಳು ಬಕೆಟಿನಲ್ಲಿ ಮೊಗೆಯುವಾಗ ಚೆಲ್ಲಿಯೇ ಚೆಲ್ಲುತ್ತದೆ. ಒಂದು ಸೀಸನ್ನಿಗೆ ಕಂಬದ ಬುಡ ಒಂದು ಗೇಣು ಎತ್ತರಕ್ಕೆ ಕಪ್ಪಾಯಿತು. ಮರುವರ್ಷ ಅಷ್ಟೇ ಜಾಗದಲ್ಲಿ ಕೆಂಪು ತುಕ್ಕು. ಅದರ ಮೇಲಿನ ಭಾಗ ಇವತ್ತಿಗೂ ಹೊಸತರ ಹಾಗೆ ಉಂಟು. ಸುಣ್ಣ ಸರಿಯಾಗಿ ಬಿದ್ದ ಬೋರ್ಡೋ ಅಷ್ಟು ತೊಂದರೆ ಕೊಡುವುದಿಲ್ಲ. ಬರೀ ಮೈಲುತುತ್ತಿನ ನೀರು ಮಾತ್ರ ವಿಷ.

ಹಾವಸೆ ತೆಗೆಯಲು ಬ್ಲೀಚಿಂಗ್ ಪೌಡರ್ ಹಾಕುವವರೂ ಅದೇ ಸಾಲಿಗೆ ಸೇರುತ್ತಾರೆ. ಕಾಂಕ್ರೀಟಿಗೆ ಹಾಕಿ, ತೊಳೆದುಬಿಡಿ. ಸತುವಿಗೂ ಸ್ಟೀಲಿಗೂ ಬೇಡ.

ವೆಲ್ಡಿಂಗ್_ಸೀತಾಂಗೋಳಿ

ಅಕ್ಕ ಹೇಳಿದ್ದು ನನಗೂ ಹೊಸತು. ನಮ್ಮ ಮನೆಯಲ್ಲೂ ಡ್ರಮ್ ಗೇಟಿನ ಬದಿಯಲ್ಲೇ ಇದೆ. ಇವತ್ತೇ ಆಚೆ ಇಡುತ್ತೇನೆ.

ಹಾಟ್ ಡಿಪ್ ಮಾಡಿಸುವುದಾದರೆ ಕೆಲವು ಮಾತು. ತೊಟ್ಟಿಯ ಉದ್ದ ಮೊದಲೇ ಕೇಳಿಕೊಳ್ಳಿ. ನಡುವಿನ ಕಟ್ಟೆಯಲ್ಲಿ ಎರಡು ತುಂಡು ಮಾಡಿ ಬೋಲ್ಟಿನಲ್ಲಿ ಸೇರಿಸುವ ಹಾಗೆ ಮಾಡಿದರೆ ಸಾಗಿಸಲೂ ಸುಲಭ. ಮುಚ್ಚಿದ ಪೈಪ್ ಇದ್ದರೆ ಎರಡೂ ತುದಿಗೆ ತೂತು ಬೇಕೇ ಬೇಕು. ಒಳಗೆ ನೀರಿನ ಪಸೆ ಉಳಿದರೆ ಕಾದ ಸತುವಿನಲ್ಲಿ ಪೈಪ್ ಸಿಡಿಯುತ್ತದೆ, ಆಳುಗಳ ಮೇಲೆ ಹಾರುತ್ತದೆ. ಇದು ತಮಾಷೆಯಲ್ಲ. ಪೈಪಿಗಿಂತ ತೆರೆದ ಚಾನೆಲ್ ಒಳ್ಳೆಯದು, ಎಲ್ಲ ಬದಿ ಕಣ್ಣಿಗೆ ಕಾಣುತ್ತದೆ. ಆಂಗಲ್ಲನ್ನು ನೀರು ನಿಲ್ಲುವ ಹಾಗೆ ತೊಟ್ಟಿಲಂತೆ ಇಡಬೇಡಿ, ಬೋರಲು ಇಡಿ. ಅದ್ದಿ ತಂದ ಮೇಲೆ ಎಲ್ಲಿಯೂ ವೆಲ್ಡ್ ಕೂಡದು. ತೂತು ಎಲ್ಲ ಮೊದಲೇ ಕೊರೆದಿರಬೇಕು. ಪೇಂಟ್ ಬೇಕೇ ಬೇಕು ಅಂದರೆ ಸತುವಿಗೆ ಅಂತಲೇ ಇರುವ ಪ್ರೈಮರ್ ಹೊಡೆಯಬೇಕು. ಸೀದಾ ಎನಾಮಲ್ ಹೊಡೆದರೆ ಹಾವಿನ ಪೊರೆಯ ಹಾಗೆ ಏಳುತ್ತದೆ.

ಪೆರ್ಲ_ಸಿವಿಲ್

ಹಾಗಾದರೆ ಸೇರಿಸಿ ಮಾಡಿ. ಫ್ರೇಮು ಹಾಟ್ ಡಿಪ್, ಕಾಲಿಡುವ ಹಲಗೆ ಮಾತ್ರ ಕಾಂಕ್ರೀಟ್. ಮೂರಡಿ ಉದ್ದ, 11 ಇಂಚು ಅಗಲ, ಎರಡಿಂಚು ದಪ್ಪ. ಅಂಗಳದಲ್ಲೇ ಅಚ್ಚು ಇಟ್ಟು ಹೊಯ್ಯಬಹುದು. ಒಂದೊಂದು 30 ಕಿಲೋ ಆಸುಪಾಸು ಬರುತ್ತದೆ, ಫ್ರೇಮಿನ ಲೆಕ್ಕದಲ್ಲಿ ಅದನ್ನು ಸೇರಿಸಿ. ಜನರ ಭಾರಕ್ಕೆ ಚದರ ಮೀಟರಿಗೆ 300 ಕಿಲೋ ಹಿಡಿಯಿರಿ. ಇಷ್ಟು ತೆಳು ಹಲಗೆಯಲ್ಲಿ 45 ಮಿ.ಮೀ. ಕವರ್ ಸಿಗುವುದಿಲ್ಲ, ಹಾಗಾಗಿ ಸಾದಾ ಕಂಬಿ ಬೇಡ, ಸತು ಹಿಡಿಸಿದ ಜಾಲರಿಯನ್ನೇ ಹಾಕಿ. ಯಾವುದಾದರೂ ಹಲಗೆ ಹಾಳಾದರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ಹಸಿ ಇರುವಾಗಲೇ ಕಡ್ಡಿ ಪೊರಕೆಯಲ್ಲಿ ಅಡ್ಡ ಗೀರಿ, ಕಾಲು ಜಾರುವುದಿಲ್ಲ. ಮುಂದಕ್ಕೆ ಒಂದು ನೂಲು (ಇಂಚಿನ ಎಂಟನೇ ಒಂದು ಪಾಲು) ಇಳಿಜಾರು ಇಡಿ. ಹಲಗೆಗೂ ಕಬ್ಬಿಣಕ್ಕೂ ನಡುವೆ ರಬ್ಬರ್ ತುಂಡು.

ಕಂಬವನ್ನು ನೆಲದಲ್ಲಿ ಹೂಳಬೇಡಿ. ನಿಮ್ಮ ಹಳೇದು ಅಲ್ಲೇ ಹೋದದ್ದು. ಮೊದಲ ಮೂರು ಮೆಟ್ಟಿಲನ್ನು ಗಟ್ಟಿ ಕಾಂಕ್ರೀಟಿನಲ್ಲಿ ಮಾಡಿ. ಉಳಿದ ಕಂಬಗಳಿಗೆ ಅರ್ಧ ಅಡಿ ಎತ್ತರದ ಕಟ್ಟೆ, ಅದರ ಮೇಲೆ ಪ್ಲೇಟು, ಬೋಲ್ಟು. ಕಟ್ಟೆಯ ತಲೆ ಸ್ವಲ್ಪ ಇಳಿಜಾರಿರಲಿ. ಮಣ್ಣು ಸಿಡಿಯುವ ಎತ್ತರದಿಂದ ಕಬ್ಬಿಣ ಮೇಲೆ ಇರಬೇಕು.

ಮಧೂರು_ಮೇಸ್ತ್ರಿಮಗ

ಸಿಡಿಲಿಗೆ ಏನು ಮಾಡುತ್ತೀರಿ? ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಗೊತ್ತಲ್ಲ.

ಪೆರ್ಲ_ಸಿವಿಲ್

ಫ್ರೇಮನ್ನು ಅರ್ಥ್ ಮಾಡಿಸಿ, ಎಲೆಕ್ಟ್ರಿಷಿಯನ್‌ನಿಂದಲೇ. ಟ್ಯಾಂಕಿನ ಮೋಟರ್ ವಯರನ್ನು ಮೆಟ್ಟಿಲಿಗೆ ಸುತ್ತಿ ಮೇಲೆ ಒಯ್ಯಬೇಡಿ. ಗುಡುಗುವಾಗ ಅಡಿಕೆ ಒದ್ದೆಯಾದರೆ ಆಗಲಿ.

ಉಪ್ಪಳ_ಕಡಲಬದಿ

ನನಗೊಂದು ಸಂಶಯ. ಅಡಿಕೆ ಮೆಟ್ಟಿಲಿನಲ್ಲೇ ಯಾಕೆ ಹೋಗಬೇಕು? ಬಾವಿಯ ಹಳೇ ರಾಟೆ ಎಲ್ಲರ ಮನೆಯಲ್ಲೂ ಉಂಟು. ತಾರಸಿಯ ತುದಿಯಲ್ಲಿ ಒಂದು ಕೈಮರ ನಿಲ್ಲಿಸಿ ಗೋಣಿಯನ್ನು ಎಳೆದುಕೊಂಡರೆ ಆಯಿತು. ಮನುಷ್ಯರು ಬರಿಗೈಯಲ್ಲಿ ಹತ್ತಲಿ.

ಅಡೂರು_ಅಕ್ಕ

ಇಷ್ಟು ದಿನದಲ್ಲಿ ಗಂಡಸರು ಬರೆದ ಒಳ್ಳೆಯ ಮಾತು ಇದು.

ಪೆರ್ಲ_ಸಿವಿಲ್

ಸರಿ, ಆದರೆ ಕೈಮರವನ್ನು ತಾರಸಿಯ ಸ್ಲ್ಯಾಬಿಗೆ ಬೋಲ್ಟ್ ಮಾಡಿ. ಪ್ಯಾರಾಪೆಟ್ಟಿಗೆ ಕಟ್ಟಿದರೆ ಗೋಣಿಯ ಜತೆ ಪ್ಯಾರಾಪೆಟ್ಟೂ ಕೆಳಗೆ ಬರುತ್ತದೆ.

ನೀರ್ಚಾಲು_ಮನೆ (ಫೆಬ್ರವರಿ 11)

ತೀರ್ಮಾನ ಆಯಿತು. ಹಾಟ್ ಡಿಪ್ ಚಾನೆಲ್ ಫ್ರೇಮು ಎರಡು ತುಂಡು, ಕಾಂಕ್ರೀಟ್ ಹಲಗೆ, ಬುಡದ ಮೂರು ಮೆಟ್ಟಿಲು ಗಟ್ಟಿ. ಸೀತಾಂಗೋಳಿಯವರೇ ಮಾಡಿಕೊಡುತ್ತೇನೆ ಅಂದಿದ್ದಾರೆ, ಕಿಲೋ ಲೆಕ್ಕ ಕೇಳಲಿಲ್ಲ. ತಮ್ಮನಿಗೆ ಕೈಹಿಡಿ ಕಂಬಿಯಾದರೂ ಸ್ಟೀಲ್ ಇರಲಿ ಅಂತ ಆಸೆ. ಅಮ್ಮ ಬೇಡ ಅಂದರು, ಒದ್ದೆ ಕೈಗೆ ಜಾರುತ್ತದಂತೆ. ದುಂಡು ಪೈಪು, ಎರಡೂ ಬದಿ, ಮೂರಡಿ ಮೂರಿಂಚು ಎತ್ತರ.

ನಡುವಿನ ಕಟ್ಟೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಹಲಗೆ ಬೇಕು ಅಂತ ಅಮ್ಮನ ಷರತ್ತು, ಹೆಡಿಗೆ ಇಳಿಸಲು. ರಾಟೆ ಉಂಟಲ್ಲ ಅಂದೆ. "ರಾಟೆ ಗೋಣಿಗೆ, ಸೆಂಡಿಗೆಗೂ ರಾಟೆ ಎಳೆಯುವುದಾ?" ಅಂತ ಕೇಳಿದರು.

ಮುಳ್ಳೇರಿಯ_ಬೆಂಗಳೂರು

ಆ ಹಲಗೆಯಾದರೂ ಮರದ್ದು ಮಾಡಿ ಮಾರಾಯ್ರೇ.

ನೀರ್ಚಾಲು_ಮನೆ

ಮಾಡುತ್ತೇನೆ. ಹೆಬ್ಬಲಸೇ.

ನೀರ್ಚಾಲು_ಮನೆ (ಆಗಸ್ಟ್ 3)

ಮಳೆ ಶುರುವಾಗಿ ಎರಡು ತಿಂಗಳಾಯಿತು, ವರದಿ ಕೊಡುತ್ತೇನೆ.

ಏಪ್ರಿಲಿನಲ್ಲಿ ಕೆಲಸ ಮುಗಿಯಿತು. 18 ಹಲಗೆ ಹೊಯ್ಯಲು ಎರಡು ಅಚ್ಚಿನಲ್ಲಿ ಒಂಬತ್ತು ದಿನ. ಮೊದಲ ಎರಡು ಹಲಗೆ ಹಾಳಾದವು. ಅಚ್ಚಿಗೆ ಎಣ್ಣೆ ಹಚ್ಚಲು ಮರೆತು, ಎಬ್ಬಿಸುವಾಗ ಮೂಲೆ ಒಡೆಯಿತು. ಅವೀಗ ಬಚ್ಚಲ ಎದುರು ಬಟ್ಟೆ ಒಗೆಯುವ ಕಲ್ಲು. ಎಲ್ಲ ಹಲಗೆಯನ್ನು ಹತ್ತು ದಿನ ಒದ್ದೆ ಗೋಣಿ ಮುಚ್ಚಿ ನೆನೆಸಿದೆವು. ಫ್ರೇಮು ಅದ್ದಿಸಿ ತಂದಾಗ ನೆರೆಮನೆಯವರು ಬಂದು, ಪೇಂಟ್ ಯಾವಾಗ ಅಂತ ಕೇಳಿದರು. ಇಲ್ಲ ಅಂದದ್ದಕ್ಕೆ ಪಾಪ ಅನ್ನುವ ಹಾಗೆ ನೋಡಿದರು.

ಮಳೆಯಲ್ಲಿ ಕಾಲು ಜಾರುವುದಿಲ್ಲ. ಒಂದು ಕಡೆ ಬಿಟ್ಟು. ಏಳನೇ ಮೆಟ್ಟಿಲಿನ ಎಡಬದಿಯಲ್ಲಿ ಒಂದು ಅಂಗೈ ಅಗಲ ಹಸಿರು ಹಾವಸೆ. ಉಳಿದ ಯಾವುದರಲ್ಲೂ ಇಲ್ಲ, ಅದೊಂದರಲ್ಲೇ ಯಾಕೆ ಅಂತ ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದೆ. ತಾರಸಿಯ ನೀರು ಬೀಳುವ ಕೊಳವೆಯ ತುದಿ ಸರಿಯಾಗಿ ಅದರ ಮೇಲೇ ಉಂಟು. ಅಷ್ಟೆಲ್ಲ ಚರ್ಚೆ ಮಾಡಿ, ತಾರಸಿಯ ನೀರು ಎಲ್ಲಿ ಬೀಳುತ್ತದೆ ಅಂತಲೇ ನಾವು ಯಾರೂ ನೋಡಿರಲಿಲ್ಲ. ಸದ್ಯಕ್ಕೆ ಅಡಿಕೆ ಮರದ ದಂಬೆ ಕಟ್ಟಿ ನೀರನ್ನು ಆಚೆ ತಿರುಗಿಸಿದ್ದೇನೆ.

ಬೋರ್ಡೋ ಡ್ರಮ್ ಈಗ ತೆಂಗಿನ ಬುಡದಲ್ಲಿದೆ.

ಕುಂಬಳೆ_ಕರೆ

ಅಮ್ಮ ಹತ್ತುತ್ತಾರಾ?

ನೀರ್ಚಾಲು_ಮನೆ

ಹತ್ತುತ್ತಾರೆ. ಈಗ ದೂರು ಬೇರೆ. ಸಂಜೆ ನೆರೆಮನೆಯ ಹೆಂಗಸರೆಲ್ಲ ಬಂದು ನಡುವಿನ ಕಟ್ಟೆಯಲ್ಲಿ ಕೂತು ಮಾತಾಡುತ್ತಾರಂತೆ, ಹೆಡಿಗೆ ಇಡಲು ಜಾಗ ಸಿಗುವುದಿಲ್ಲವಂತೆ.

ಮಧೂರು_ಮೇಸ್ತ್ರಿಮಗ

ಆ ಹಲಗೆಯ ಅಚ್ಚು ಇನ್ನೂ ಉಂಟಾ? ನಮ್ಮ ಅಣ್ಣನ ಮನೆಗೆ ಬೇಕಿತ್ತು.

ನೀರ್ಚಾಲು_ಮನೆ

ಕೊಟ್ಟಿಗೆಯಲ್ಲಿ ಉಂಟು, ಎರಡೂ. ಜೀಪು ತಂದು ಒಯ್ಯಿರಿ. ವಾಪಸ್ ಕೊಡುವಾಗ ತೊಳೆದು ಎಣ್ಣೆ ಹಚ್ಚಿ ಕೊಡಿ.